ರಕ್ತಕ್ಕ ಮೂಡಿದ ಬಾಲ

ಔಂಧದಾಗ ಮುಚ್ಚಿದ ಬಾವಿ ಪಕ್ಕ ಒಂದು ಆಲದ ಮರ ಅದಲ್ರಿ... ಅದರ ಮುಂದ ನಡುರಾತ್ರಿ ಸರುವೊತ್ತಿನ್ಯಾಗ ನಮ್ಮ ಓಣಿ ಕಲ್ಲವ್ವನ ಮಗಳು ದೀಪಾಲಿ ಒಬ್ಬಾಕಿನ ಬರಾಕತ್ತಿದ್ಲು. ಎರಡು ಸಾವಿರದ ಏಳನೇ ಇಸ್ವಿ. ಒಂದು ನಾಯಿನೂ ಬೊಗಳವಲ್ದು.

ಅಷ್ಟೊತ್ತಿನ ತನಕ ಏನು ಕೆಲಸ ಅಂತೀರಿ? ಹೊಟ್ಟಿಕಿಚ್ಚಿನ ಕೆಲಸ.

ಅಕಿ ಲ್ಯಾಬಿನಾಗ ಕಣ್ಣಿಗೆ ಕಾಣದಂಥ ಕಣ ಮಾಡ್ತಿದ್ರು. ನುಂಗಿದ ಔಷಧ ಹೊಟ್ಟ್ಯಾಗ ಕೆಡದಂಗ ಹೊತಗೊಂಡು ರಕ್ತಕ್ಕ ಮುಟ್ಟಸ್ತಾವಂತ. ಆದ್ರ ಆ ಕಣದಿಂದ ಜೀವಕೋಶದ ಡಿಎನ್‌ಎ ಹರೀತದೇನು ಅಂತ ಮೊದಲ ನೋಡಬೇಕಲ್ಲ? ರಕ್ತಕ್ಕ ಕಣ ಕಲಸಿ, ಗಾಜಿಗೆ ಹಚ್ಚಿ, ಕರೆಂಟ್ ಹಾಯಿಸಿ ಮೈಕ್ರೋಸ್ಕೋಪಿನಾಗ ನೋಡ್ತಾರ. ನೆಟ್ಟಗಿದ್ರ ಕುಂಕುಮದ ಬೊಟ್ಟಿನಂಗ ದುಂಡಗ. ಹರದಿದ್ರ ಹಿಂದ ಬಾಲ, ಧೂಮಕೇತುವಿನಂಗ. ತಾಳೆ ನೋಡಾಕ ಬರೇ ರಕ್ತದ ಗಾಜೊಂದು, ಬೇಕಂತನ ಕೆಡಿಸಿ ಬಾಲ ಬರಿಸಿದ ರಕ್ತದ ಗಾಜೊಂದು. ನೋಡೋ ಸಾಹೇಬ್ರಿಗೆ ಯಾವುದು ಯಾವುದಂತ ತಿಳೀಬಾರದು ಅಂತ ಹೆಸರಿನ ಚೀಟಿ ಮ್ಯಾಲ ಕಾಗದ ಮುಚ್ಚಿ ಅಂಟಸ್ತಾರ. ಆ ಕೆಲಸ ದೀಪಾಲಿದು. ರಕ್ತನೂ ಅಕಿದ.

ಕಣ ಮಾತ್ರ ಅಲ್ಲೇ ಕೆಲಸ ಮಾಡೋ ಸ್ನೇಹಲ್‌ದು. ಇಬ್ರೂ ಒಂದ ದಿನ ಕೆಲಸಕ್ಕ ಸೇರಿದವರು. ಕಣ ಪಾಸಾದ್ರ ಇದ್ದೊಂದು ಖಾಯಂ ನೌಕರಿ ಸ್ನೇಹಲ್‌ಗ, ದೀಪಾಲಿ ಮನಿಗೆ. ಅದರ ಮ್ಯಾಲ ಆ ಹುಡುಗಿ ನಕ್ಕೋತ ಅಂದಿದ್ಲಂತ, “ರಕ್ತ ನಿಂದು, ನಸೀಬ ನಂದು.”

ಎದಿ ಉರೀದ ಇರ್ತದೇನ್ರಿ? ಎಲ್ಲಾರೂ ಹೋದ ಮ್ಯಾಲ ಚೀಟಿ ಅದಲಿ ಬದಲಿ ಮಾಡಿ, ಕೆಡಿಸಿದ ರಕ್ತಕ್ಕ ಸ್ನೇಹಲ್‌ಳ ಕಣದ ಹೆಸರು ಹಚ್ಚಿ ಬಂದಿದ್ಲು.

ಮರದ ಕೆಳಗ ಬಂದ್ಲು... ಹಿಂದ ಸರ್ರ್... ಸರ್ರ್... ಹಸಿ ಸೀರಿ ಸೆರಗು ಉಸುಕಿನ್ಯಾಗ ಎಳದಂಗ. ನಿಂತ್ರ ನಿಲ್ತದ. ನಡದ್ರ ಸರ್ರ್...

“ಯಾರು?”

“ಕೆಡಿಸಿದ ರಕ್ತ...” ಕಿವಿ ಹಂತೇಕ ಪಿಸುಮಾತು. ದನಿ ದೀಪಾಲಿದ. “ನನಗ ಯಾರ ಹೆಸರು ಹಚ್ಚಿದಿ?”

“ಸ್ನೇಹಲ್‌ದು.”

“ನಂದ ಹೆಸರು ನನಗ ಹಚ್ಚು.”

ಎದ್ದೂ ಬಿದ್ದೂ ಹೊಳ್ಳಿ ಲ್ಯಾಬಿಗೆ ಓಡಿ, ಚೀಟಿ ಎಲ್ಲಾ ಮೊದಲಿನಂಗ ಹಚ್ಚಿದ್ಲು. ಮರುದಿನ ಸಾಹೇಬ್ರು ನೋಡಿದ್ರು. ಸ್ನೇಹಲ್‌ಳ ಗಾಜಿನಾಗ ಎಲ್ಲಾ ದುಂಡಗ. ಪೇಢೆ ಹಂಚಿದ್ರು. ದೀಪಾಲಿನೂ ತಿಂದ್ಲು, ತಿನ್ನದ ಏನು ಮಾಡ್ತಾಳ?

ಇನ್ನೊಮ್ಮೆ ಪರೀಕ್ಷಾ ಮಾಡೂದು ಪದ್ಧತಿ. ದೀಪಾಲಿ ತೋಳಿನಿಂದ ಹೊಸ ರಕ್ತ ತಗದ್ರು. ಬರೇ ರಕ್ತದ ಗಾಜು ನೋಡಿದ್ರ... ಒಂದೂ ಬಿಡದಂಗ ಬಾಲ. ಮತ್ತ ತಗದ್ರು. ಮತ್ತ ಬಾಲ. ಡಾಕ್ಟರಿಗೆ ಯಾವ ರೋಗನೂ ಸಿಗಲಿಲ್ಲ. ದೀಪಾಲಿ ಈಗ ರಾಂಜಣಗಾಂವದಾಗ ಗಂಡ, ಮಕ್ಕಳು, ಆರಾಮದಾಳ.

ನಾ ಕೂಡಿಸಿ ಹೇಳಾಕತ್ತಿಲ್ರಿ. ಕಲ್ಲವ್ವ ಜೇಜುರಿ ದೇವರ ಅರಿಷಿಣ ಭಂಡಾರ ಮುಟ್ಟಿ ಹೇಳ್ಯಾಳ... ಆ ರಕ್ತಕ್ಕ ಏನೂ ಕಲಸಿರಲಿಲ್ಲ.