ಗುರಸಿದ್ದವ್ವನ ಹಿಂಬಾಗಿಲು

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ದೇವರು ಅವನಿಗೆ ಹೊಲ ಕೊಟ್ಟಿದ್ದ, ಮನೆ ಕೊಟ್ಟಿದ್ದ, ಎಲ್ಲಕ್ಕಿಂತ ಮಿಗಿಲಾಗಿ ತಾಯಿಯನ್ನು ಇನ್ನೂ ಉಳಿಸಿಕೊಟ್ಟಿದ್ದ. ಆ ತಾಯಿಯ ಹೆಸರಿನಲ್ಲಿ ಅವನೊಂದು ಕಲ್ಯಾಣ ಮಂಟಪ ಕಟ್ಟಿಸಿದ. ಮುಂಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ 'ಗುರಸಿದ್ದವ್ವ ಕಲ್ಯಾಣ ಮಂಟಪ' ಎಂದು ಬರೆಸಿದ. ಮುದುಕಿ ನೋಡಿ ನಕ್ಕಳು. "ನನಗ ಓದಾಕ ಬರೂದಿಲ್ಲಂತ ಗೊತ್ತಿದ್ದೇ ಇಷ್ಟ್ ದೊಡ್ಡದು ಬರೆಸೀಯೇನೋ?"

ನೋಡಿ, ನಮ್ಮ ಮದುವೆ ಊಟ ನಿಮಗೆ ಗೊತ್ತಿದ್ದದ್ದೇ. ಒಂದು ಪಂಕ್ತಿ ಇನ್ನೂ ಮಜ್ಜಿಗೆ ಅನ್ನದಲ್ಲಿರುತ್ತದೆ, ಅಷ್ಟರಲ್ಲಿ ಮುಂದಿನ ಪಂಕ್ತಿಯವರು ಹಿಂದೆ ಕೈತೊಳೆಯುವ ಕಡೆಯ ಬಾಗಿಲಿನಿಂದ ನುಗ್ಗಿ ಉಣ್ಣುವವರ ಬೆನ್ನ ಹಿಂದೆ ನಿಂತಿರುತ್ತಾರೆ. ಈ ಮಠದಲ್ಲಿ ಕುಳಿತ ನಾವೂ ನೀವೂ ಹಾಗೆ ನಿಂತವರೇ ಅಲ್ಲವೇ? ಸಾಹುಕಾರನಿಗೆ ಇದು ಸರಿಕಾಣಲಿಲ್ಲ. ಉಣ್ಣುವವರು ನೆಮ್ಮದಿಯಿಂದ ಉಣ್ಣಲಿ ಎಂದು ಹಿಂಬಾಗಿಲಿಗೆ ಹೊರಗಿನಿಂದ ಕೀಲಿ ಜಡಿದ. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮಿರ್ಚಿ ಭಜಿ ಬಿಸಿಬಿಸಿಯಾಗಿ ಎಲೆಗೆ ಬೀಳಲಿ ಎಂದು ಒಲೆಯನ್ನು ಮುಂಬಾಗಿಲ ಪಕ್ಕದಲ್ಲೇ ಹೂಡಿಸಿದ. ಎರಡನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ, ತಾಯಂದಿರೇ. ಒಳ್ಳೆಯ ಮನಸ್ಸಿನಿಂದಲೇ.

ಒಂದು ಮದುವೆಯಲ್ಲಿ ಬಾಣಲೆಯ ಎಣ್ಣೆ ಹೊತ್ತಿಕೊಂಡಿತು. ಉರಿ ಶಾಮಿಯಾನಕ್ಕೆ ಹತ್ತಿ ಮುಂಬಾಗಿಲನ್ನು ಮುಚ್ಚಿಬಿಟ್ಟಿತು. ಊಟಕ್ಕೆ ಕುಳಿತವರೆಲ್ಲ ಹಿಂಬಾಗಿಲಿಗೆ ಓಡಿದರು.

ಸಾಹುಕಾರ ಹೊರಗೆ ಬೀಗರಿಗೆ ಎಲೆಅಡಿಕೆ ಕೊಡುತ್ತಿದ್ದ. ತಟ್ಟೆ ಕೈಜಾರಿತು. ಅವ್ವ ಒಳಗಿದ್ದಾಳೆ! ಗೋಡೆ ಬಳಸಿ ಓಡಿದ. ಆ ಗೋಡೆಯನ್ನು ಎಷ್ಟು ಉದ್ದ ಕಟ್ಟಿಸಿದ್ದೇನೆಂದು ಅವನಿಗೆ ತಿಳಿದದ್ದು ಅಂದೇ. ಕೀಲಿ ತೆಗೆದ, ಕದ ನೂಕಿದ. ಅಲುಗಲಿಲ್ಲ. ಏಕೆ? ಅದು ಒಳಕ್ಕೆ ತೆರೆಯುವ ಕದ. ಒಳಗಿನ ಮಂದಿಯೆಲ್ಲ ಅದರ ಮೇಲೇ ಬಿದ್ದಿದ್ದರು. ಬದುಕಲು ನೂಕುತ್ತಿದ್ದವರೇ ಬಾಗಿಲನ್ನು ಮುಚ್ಚಿ ಹಿಡಿದಿದ್ದರು.

"ಅವ್ವಾ!" ಎಂದು ಚೀರಿದ.

"ಇಲ್ಲೇ ಅದೀನೋ ಯಪ್ಪಾ." ಕೆಮ್ಮು. ಮತ್ತೆ ಅದೇ ದನಿ, ಒಳಗಿನವರಿಗೆ: "ಎಲ್ಲಾರೂ ಒಂದು ಹೆಜ್ಜಿ ಹಿಂದಕ್ಕ ಸರೀರಿ, ಕದ ಒಳಗ ಬರ್ಬೇಕು. ಏ ಬೀಗಪ್ಪಾ, ಪಂಕ್ತಿಗೆ ನುಗ್ಗಿದಂಗ ನುಗ್ಗಬ್ಯಾಡೋ, ಸರಿ!"

ಹೊಗೆಯ ಕಡೆಗೆ ಹಿಂದಡಿ ಇಡುವುದು ಸುಲಭವೇ? ಮುದುಕಿ ತಾನೇ ಮೊದಲು ಸರಿದಳು. ಅವಳನ್ನು ನೋಡಿ ಉಳಿದವರು ಸರಿದರು. ಕದ ತೆರೆಯಿತು. ಎಲ್ಲರೂ ಹೊರಬಂದರು. ಮೊದಲು ಸರಿದವಳು ಕೊನೆಗೆ ಬಂದಳು. ಸೆರಗು ಸುಟ್ಟಿತ್ತು, ಬಲಗೈ ಇನ್ನೂ ಎಂಜಲಾಗಿತ್ತು. ಮಗ ಅಳುತ್ತ ಆ ಕೈಯನ್ನು ತೊಳೆದ, ಕೂಸಿನ ಕೈ ತೊಳೆಯುವಂತೆ, ಒಂದೊಂದೇ ಬೆರಳನ್ನು.

"ಅಳಬ್ಯಾಡ," ಎಂದಳು. "ನನ್ನ ಹೆಸರು ಮುಂದಿನ ಬಾಗಲದ ಮ್ಯಾಲೆ ಬರೆಸೀದಿ. ಅದನ್ನ ತಗದು ಈ ಬಾಗಲಕ್ಕ ಬರೆಸು. ನನ್ನ ಹೆಸರಿದ್ದ ಬಾಗಲಕ್ಕ ನೀ ಕೀಲಿ ಹಾಕಾವಲ್ಲ."

ಅವನು ಹಾಗೆಯೇ ಮಾಡಿದ. ಬಾಗಿಲನ್ನು ಅಗಲ ಮಾಡಿಸಿದ, ಕದ ಹೊರಕ್ಕೆ ತೆರೆಯುವಂತೆ ತಿರುಗಿಸಿದ, ಒಲೆಯನ್ನು ದೂರ ಸರಿಸಿದ. ನುಗ್ಗುವವರನ್ನು ತಡೆಯುವುದು ಹೇಗೆ? ಪ್ರತಿ ಮದುವೆಯಲ್ಲೂ ತಾನೇ ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತ. "ಇನ್ನೊಂದೀಟು ತಡೀರಿ, ಮಜ್ಜಿಗಿ ಆಗ್ಲಿ" ಎಂದು ಕೈಮುಗಿದ. ಕೀಲಿ ಮಾಡುತ್ತಿದ್ದ ಕೆಲಸವನ್ನು ಮನುಷ್ಯ ಮಾಡಿದ.

ಈಗ ನಿಮ್ಮ ಮನೆಗೆ ಬರೋಣವೇ? ಹಿತ್ತಲ ಬಾಗಿಲಿಗೆ ಜೋಳದ ಚೀಲ ಒಟ್ಟಿದ್ದೀರಿ. ಗ್ರಿಲ್ಲಿಗೆ ಹಾಕಿದ ಬೀಗದ ಕೀಲಿಕೈ ಎಲ್ಲಿದೆ, ಕತ್ತಲಲ್ಲಿ ಕೈಗೆ ಸಿಗುತ್ತದೆಯೇ? ಹೊಸ ಮನೆ ಕಟ್ಟುವಾಗ ದೇವರ ಮನೆ ಯಾವ ದಿಕ್ಕಿಗೆ ಎಂದು ಕೇಳುತ್ತೀರಿ. ಕೇಳಿ, ಬೇಡವೆನ್ನುವುದಿಲ್ಲ. ಜೊತೆಗೆ ಇನ್ನೊಂದು ಮಾತು ಕೇಳಿ: ಮುಂದೆ ಉರಿ ಹತ್ತಿದರೆ ಅವ್ವ ಯಾವ ಕಡೆಯಿಂದ ಹೊರಬರಬೇಕು? ನಾಳೆ ಅವಳ ಕೈಹಿಡಿದು ಆ ದಾರಿಯಲ್ಲಿ ಒಮ್ಮೆ ನಡೆಸಿ. ಕಾಲಿಗೆ ಏನು ತೊಡರುತ್ತದೆಯೋ ಅದನ್ನು ಅಂದೇ ತೆಗೆಯಿರಿ.

ನಾಳೆಯ ಮಾತು ಇರಲಿ. ಈ ಮಠದ ಪಕ್ಕದ ಬಾಗಿಲನ್ನು ತಿರುಗಿ ನೋಡಿ. ಯಾರ ಚಪ್ಪಲಿ ಆ ರಾಶಿ? ಅಡ್ಡ ನಿಲ್ಲಿಸಿದ ಬೈಕು ಯಾರದು? ಮಂಗಳಾರತಿ ಸ್ವಲ್ಪ ಕಾಯುತ್ತದೆ. ಏಳಿ, ಮೊದಲು ಅವನ್ನು ಸರಿಸಿ ಬನ್ನಿ. ಆ ಬಾಗಿಲ ಮೇಲೆ ನಿಮ್ಮ ಅವ್ವನ ಹೆಸರಿದೆ ಎಂದುಕೊಂಡು ಸರಿಸಿ.