ಬಿಸಿಲು ಬೀಳುವ ಸೀಟು

ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಕಾಯುತ್ತ ಪೇಪರ್ ಓದುತ್ತಿದ್ದ ಮೊಗುಲಪ್ಪ, ಪಕ್ಕದಲ್ಲಿ ಗದ್ವಾಲಿಗೆ ಹೊರಟಿದ್ದ ಗಂಡ ಹೆಂಡತಿಯ ಮಾತು ಶುರುವಾದದ್ದೇ ತಡ, ಹಾಳೆ ತಿರುವುವುದನ್ನು ಬಿಟ್ಟ.

“ಬಲಕ್ಕ ಕೂಡೋಣು. ಎಡಕ್ಕ ಬಿಸಿಲು ಹೊಡಿತೈತಿ.”

“ಮೋಡ ಮುಸುಕೈತಲ್ರಿ.”

“ಸರಿದ್ರ?”

“ಹೋಗಾಗ ಎಡಕ್ಕ ಬಿಸಿಲು, ಬರಾಗ ಬಲಕ್ಕ ಬಿಸಿಲು. ದಾರ್ಯಾಗ ನಿಮ್ಮ ಕಾಲೇಜಿನ ಗ್ರೌಂಡು ಯಾವ ಕಡಿಗೋ, ನಿಮ್ಮ ಸೂರ್ಯನೂ ಆ ಕಡಿಗೆ.”

“ಮೊಣಕಾಲು ನೋಯ್ತೈತಿ. ಸುಮ್ನಿರು.”

“ಫುಟ್‌ಬಾಲ್ ಆಡಾಕ ಹೋಗಿ ಮುರಕೊಂಡು ಹನ್ನೆರಡು ವರ್ಷ ಆತು. ನಿನ್ನಿ ಅದೇ ಕಾಲಿಲೇ ಜೋಳದ ಚೀಲ ಹೊತ್ತು ಅಟ್ಟ ಹತ್ತಿದ್ರಿ. ಗೋಲಿನ ಕಂಬ ಕಂಡಾಗಷ್ಟ ನೋಯ್ತೈತೇನು?”

ಗಂಡ ಮೊಣಕಾಲು ತಿಕ್ಕಿಕೊಂಡ.

“ಡಾಕ್ಟ್ರು ಸುಮ್ನ ಕಾಲಿಗೆ ಪಟ್ಟಿ ಕಟ್ಟಿದ್ರು. ಕಣ್ಣಿಗೆ ಕಟ್ಟಬೇಕಿತ್ತು.”

ಗದ್ವಾಲ್ ಬಸ್ಸು ಬಂತು. ಖಾಲಿ ಇದ್ದದ್ದು ಎಡಗಡೆಯ ಸೀಟೊಂದೇ. ಗಂಡ ಬಾಗಿಲಲ್ಲೇ ನಿಂತುಬಿಟ್ಟ. ಹೆಂಡತಿ ಅವನನ್ನು ದಾಟಿ ಹೋಗಿ ಕಿಟಕಿಯ ಪಕ್ಕ ಕೂತು, ಸೆರಗನ್ನು ಈ ಸರಳಿನಿಂದ ಆ ಸರಳಿಗೆ ಪರದೆಯಂತೆ ಸಿಕ್ಕಿಸಿದಳು.

“ಬರ್ರಿ. ಬಿಸಿಲು ಭಾಳ ಐತಿ.”

ಬಸ್ಸು ಹೊರಟಾಗ ಮೊಗುಲಪ್ಪನ ಪೇಪರಿನ ಮೇಲೆ ಮಳೆ ಹನಿಯುತ್ತಿತ್ತು.