ಅರ್ಧಕ್ಕೇ ಎದ್ದು ಬಂದವರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮನ್ನು ಬಿಟ್ಟುಹೋದ ಅಣ್ಣನ ಹೆಂಡತಿ ಅಕ್ಕನಿಗೆ, ಅವರ ಮಗಳಿಗೆ, ಚರ್ಚಿನ ಪಾದ್ರಿಗಳಿಗೆ, ನಮ್ಮ ಸೂಪರ್‌ವೈಸರ್ ಸಾಹೇಬರಿಗೆ, ಕೈಯ ಗ್ರೀಸ್ ಕೂಡ ಸರಿಯಾಗಿ ತೊಳೆಯದೆ ಡ್ಯೂಟಿಯಿಂದ ನೇರ ಬಂದಿರುವ ನಮ್ಮ ಮೆಕ್ಯಾನಿಕ್ ಬಳಗಕ್ಕೆ — ಎಲ್ಲರಿಗೂ.

ನಾನು ಭಾಷಣ ಮಾಡುವವನಲ್ಲ, ಲಿಫ್ಟ್ ರಿಪೇರಿ ಮಾಡುವವನು. ಹತ್ತೊಂಬತ್ತು ವರ್ಷ ಅಣ್ಣನ ಜೋಡಿಯಾಗಿ ಕೆಲಸ ಮಾಡಿದೆ. ಅಣ್ಣ ಅಂದರೆ ನಿಮಗೆಲ್ಲ ಬ್ರೇಕಣ್ಣ. ಬಾಗಿಲು ಮುಚ್ಚುತ್ತಿಲ್ಲ, ಫ್ಯಾನ್ ತಿರುಗುತ್ತಿಲ್ಲ, ಬಲ್ಬ್ ಹೋಗಿದೆ — ದೂರು ಏನೇ ಇರಲಿ, ಇವರು ಮೊದಲು ನೋಡುತ್ತಿದ್ದದ್ದು ಬ್ರೇಕು. "ಬಲ್ಬ್ ಹೋದ್ರೂ ಬ್ರೇಕ್ ನೋಡ್ತೀರಲ್ಲ ಅಣ್ಣ" ಅಂದರೆ, "ಬಲ್ಬ್ ಇಲ್ದಿದ್ರೆ ಕತ್ತಲಲ್ಲಿ ಮನೆಗೆ ಹೋಗ್ತೀಯ. ಬ್ರೇಕ್ ಇಲ್ದಿದ್ರೆ ಮನೆಗೇ ಹೋಗಲ್ಲ" ಅನ್ನುತ್ತಿದ್ದರು. ನಗಿ, ಪರವಾಗಿಲ್ಲ. ಅಕ್ಕನೂ ನಗುತ್ತಿದ್ದಾರೆ.

ಅಣ್ಣ ಒಳ್ಳೆಯವರಾಗಿದ್ದರು ಅಂತ ಹೇಳಿ ನಾನು ಇಳಿದುಬಿಡಬಹುದು. ಆದರೆ ಹದಿನಾಲ್ಕು ವರ್ಷದಿಂದ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಇವತ್ತು ಹೇಳಿಯೇ ಇಳಿಯುತ್ತೇನೆ.

ನಮ್ಮದು ಇಬ್ಬರ ಕೆಲಸ. ಒಬ್ಬ ಲಿಫ್ಟಿನ ನೆತ್ತಿಯ ಮೇಲೆ ನಿಂತಿರುತ್ತಾನೆ, ಇನ್ನೊಬ್ಬ ಮಹಡಿಯ ಮೇಲಿನ ಮಷೀನ್ ರೂಮಿನಲ್ಲಿರುತ್ತಾನೆ. ಮೇಲಿನವನು ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕಬೇಕು. ಕೆಳಗಿನವನು ಕೂಗಿ ಹೇಳುವ ತನಕ ಆ ಬೀಗ ಮುಟ್ಟುವ ಹಾಗಿಲ್ಲ. ಆವತ್ತು ಒಂದು ಬಟ್ಟೆ ಅಂಗಡಿ, ಆರು ಅಂತಸ್ತು. ನಾನು ಬೀಗವನ್ನೇ ಹಾಕಿರಲಿಲ್ಲ. ಊಟದ ಹೊತ್ತು, ಅವಸರ. ಕೆಲಸ ಮುಗಿದಿರುತ್ತದೆ ಅಂದುಕೊಂಡು ಸ್ವಿಚ್ ಹಾಕಿದೆ. ಲಿಫ್ಟು ಇಷ್ಟು — ಒಂದು ಗೇಣು — ಮೇಲೆದ್ದು ನಿಂತಿತು. ಅಣ್ಣ ಅದರ ಮೇಲಿದ್ದರು. ಕೈ ಲಿಫ್ಟ್ ಎಳೆಯುವ ಉಕ್ಕಿನ ಹಗ್ಗದ ಪಕ್ಕದಲ್ಲೇ ಇತ್ತಂತೆ.

ಸಾಹೇಬರು ಕರೆಸಿ ಕೇಳಿದರು. ಆಗಲೂ ಇವರೇ ಸೂಪರ್‌ವೈಸರ್. "ಅಣ್ಣನೇ ಹಾಕು ಅಂತ ಕೂಗಿದ್ರು ಸಾರ್" ಅಂದೆ. ಅಣ್ಣ "ಇಲ್ಲ" ಅಂದರು. ನನ್ನ ಮುಖ ನೋಡಿದರು. ಆಮೇಲೆ ಹತ್ತು ಜನರ ಎದುರಿಗೆ, "ಇವನನ್ನ ನಂಬಿ ಇಳಿದವನು ಹೆಣವಾಗಿ ಬರ್ತಾನೆ" ಅಂದರು. ಯಾರ ಮಾತು ನಿಜ ಅಂತ ತಿಳಿಯದೆ ಸಾಹೇಬರು ಇಬ್ಬರಿಗೂ ಎಚ್ಚರಿಕೆ ಪತ್ರ ಕೊಟ್ಟರು.

ತಪ್ಪು ನನ್ನದು, ಮುನಿಸಿಕೊಂಡವನೂ ನಾನೇ. ಮಾತು ಬಿಟ್ಟೆ. ಜೋಡಿ ಕೆಲಸ, ಪೂರ್ತಿ ಬಿಡುವುದಕ್ಕೆ ಆಗುತ್ತದೆಯೇ? "ಮೇಲೆ", "ಕೆಳಗೆ", "ನಿಲ್ಸು" — ಮೂರೇ ಮಾತಿನಲ್ಲಿ ತಿಂಗಳುಗಟ್ಟಲೆ ಸಂಸಾರ ಮಾಡಿದೆವು.

ಒಂದು ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನವರೆಗೂ ಬೆವರು. "ಚರ್ಚಲ್ಲಿ ಕರ್ತನ ಭೋಜನಕ್ಕೆ ಕೂತಿದ್ದೆ. ನಿನ್ನ ನೆನಪಾಯ್ತು, ಅರ್ಧಕ್ಕೇ ಎದ್ದು ಬಂದೆ. ಅಷ್ಟು ಜನರ ಮುಂದೆ ಆ ಮಾತು ಆಡಬಾರದಿತ್ತು. ತಪ್ಪಾಯ್ತು ಕಣೋ" ಅಂದರು. ನಾನು — ಅಕ್ಕ, ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ — "ಪುರುಸೊತ್ತಿಲ್ಲ" ಅಂತ ಬಾಗಿಲು ಹಾಕಿದೆ. ಮುಂದಿನ ತಿಂಗಳು ಮೊದಲ ಭಾನುವಾರ ಮತ್ತೆ ಬಂದರು. ಅದರ ಮುಂದಿನ ತಿಂಗಳೂ ಬಂದರು. ಅದೇ ಬಿಳಿ ಅಂಗಿ, ಅದೇ ಮಾತು. ನಾನೂ ಅದೇ ಬಾಗಿಲು ಹಾಕಿದೆ.

ಆಮೇಲೆ ಅಕ್ಕ ತರಕಾರಿ ಅಂಗಡಿಯಲ್ಲಿ ಸಿಕ್ಕರು. ಬೈಯಲಿಲ್ಲ. "ಮೂರು ತಿಂಗಳಾಯ್ತಪ್ಪ, ನಿಮ್ಮಣ್ಣ ಕರ್ತನ ಭೋಜನ ತಗೊಂಡು. ನಿನ್ನ ಹತ್ರ ಸರಿಹೋಗೋ ತನಕ ತಗೊಳ್ಳಲ್ಲ ಅಂತಾರೆ" ಅಂದರು, ಅಷ್ಟೇ.

ಚರ್ಚಿಗೆ ಹೋಗದವರಿಗೆ ಹೇಳುತ್ತೇನೆ. ಅಣ್ಣನ ಚರ್ಚಿನಲ್ಲಿ ಕರ್ತನ ಭೋಜನ ತಿಂಗಳಿಗೊಮ್ಮೆ, ಮೊದಲ ಭಾನುವಾರ. ಕಣ್ಣಿಗೆ ಕಾಣುವುದು ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಅಣ್ಣನಿಗೆ ಅದು ತನ್ನ ದೇವರ ಜೊತೆ ಕೂತು ಉಂಡ ಹಾಗೆ. ಆ ಊಟವನ್ನು ಅವರು ಬಿಟ್ಟಿದ್ದರು. ಸುಳ್ಳು ಹೇಳಿದ ನಾನು ಹೊಟ್ಟೆ ತುಂಬ ಉಂಡುಕೊಂಡಿದ್ದೆ.

ನಾಲ್ಕನೆಯ ತಿಂಗಳು ನಾನೇ ಚರ್ಚಿಗೆ ಹೋದೆ. ಭೋಜನ ತೆಗೆದುಕೊಳ್ಳಲು ಎಲ್ಲರೂ ಸಾಲಾಗಿ ಮುಂದೆ ಹೋಗುತ್ತಿದ್ದರು. ಅಣ್ಣ ಒಬ್ಬರೇ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. "ಅಣ್ಣ, ನೀವು ಕೂಗಿರ್ಲಿಲ್ಲ. ನಾನು ಸುಳ್ಳು ಹೇಳ್ದೆ." ಅವರು ಹೀಗೆ — ನನ್ನ ಕೈ ಹಿಡಿದುಕೊಂಡರು. ಆಮೇಲೆ, "ಸರಿ, ಈಗ ಕಾಲು ಸರಿಸು. ನಾನು ಮುಂದೆ ಹೋಗಬೇಕು" ಅಂದರು. ದಾರಿಗೆ ಅಡ್ಡ ಕೂತಿದ್ದೆ ನಾನು.

ಹೊರಗೆ ಬಂದ ಮೇಲೆ ಕೇಳಿದೆ. "ತಪ್ಪು ಮಾಡಿದವನು ನಾನು. ನೀವ್ಯಾಕೆ ಮೂರು ಸಲ ಬಂದ್ರಿ?"

"ದೇವರು ನನಗೆ ಅಪ್ಪ ಕಣೋ. ಅಪ್ಪನ ಜೊತೆ ಊಟಕ್ಕೆ ಕೂತ್ರೆ, 'ತಮ್ಮ ಎಲ್ಲಿ' ಅಂತ ಕೇಳ್ತಾನೆ. ಏನು ಹೇಳ್ಲಿ? ಮತ್ತೆ, ನಾನು ತಪ್ಪು ಮಾಡ್ಕೊಂಡು ಮುಖ ತಿರುಗಿಸಿ ಕೂತಿದ್ದಾಗ ಆ ಅಪ್ಪನೇ ನನ್ನ ಹುಡುಕ್ಕೊಂಡು ಬಂದ. ನಾನಾಗಿ ಬರ್ಲಿ ಅಂತ ಕಾಯಲಿಲ್ಲ. ನಾನು ನಾಲ್ಕು ಬೀದಿ ನಡೆದದ್ದು ಒಂದು ದೊಡ್ಡದಾ?"

ನಾನು ಇವತ್ತಿಗೂ ಚರ್ಚಿಗೆ ಹೋಗುವವನಲ್ಲ. ಪಾದ್ರಿಗಳು ಕ್ಷಮಿಸಬೇಕು. ಆದರೆ ಅಣ್ಣನ ದೇವರು ಎಂಥವನು ಅಂತ ನನಗೆ ಗೊತ್ತು. ಅಣ್ಣನನ್ನು ನನ್ನ ಮನೆ ಬಾಗಿಲಿಗೆ ಕಳಿಸಿದವನು ಅವನೇ ತಾನೆ?

"ಸೋಮವಾರ ಸಾಹೇಬರಿಗೆ ಹೇಳ್ತೀನಿ" ಅಂತ ಆವತ್ತೇ ಮಾತು ಕೊಟ್ಟೆ. ಸೋಮವಾರ ಧೈರ್ಯ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಹದಿನಾಲ್ಕು ವರ್ಷ ಹೋಯಿತು. ಅಣ್ಣ ಒಂದು ದಿನವೂ ಕೇಳಲಿಲ್ಲ. ದಿನಾ ಲಿಫ್ಟಿನ ಮೇಲೆ ಇಳಿಯುತ್ತಿದ್ದರು — ಸ್ವಿಚ್ಚು ನನ್ನ ಕೈಯಲ್ಲಿ ಬಿಟ್ಟು. ದಿನಾ. ಹೋದ ವಾರ ಎದೆನೋವು ಬಂದು ಅವರನ್ನು ಕರೆದುಕೊಂಡು ಹೋಗುವ ತನಕ. ನನ್ನನ್ನು ಅಷ್ಟು ನಂಬಿದವರು ಇನ್ನೊಬ್ಬರಿಲ್ಲ. ಅಣ್ಣನ ಋಣ ದೊಡ್ಡದು, ಅಕ್ಕ.

ಸಾಹೇಬರೇ — ಆವತ್ತು ಅಣ್ಣ ಕೂಗಿರಲಿಲ್ಲ. ಬೀಗ ಹಾಕದವನು ನಾನು, ಸುಳ್ಳು ಹೇಳಿದವನೂ ನಾನು. ಅವರ ಫೈಲಿನಲ್ಲಿರುವ ಆ ಪತ್ರ ತೆಗೆದುಬಿಡಿ. ನನಗೆ ಏನು ಮಾಡಬೇಕೋ ಮಾಡಿ. ಮಗಳೇ, ನಿಮ್ಮಪ್ಪ ಕೆಲಸದಲ್ಲಿ ಒಂದು ತಪ್ಪೂ ಮಾಡಿದವರಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಅಣ್ಣನಿಗಾಗಿ ಮೌನವಾಗಿರೋಣ. ನಡುವೆ ನೀವು ಮಾತು ಬಿಟ್ಟ ಯಾರದಾದರೂ ಮುಖ ನೆನಪಿಗೆ ಬಂದರೆ, ಅರ್ಧಕ್ಕೇ ಹೊರಟುಬಿಡಿ. ಅಣ್ಣ ತಪ್ಪು ತಿಳಿಯುವುದಿಲ್ಲ. ಸಾಲಿನ ತುದಿಯಲ್ಲಿರುವವರು ಸ್ವಲ್ಪ ಕಾಲು ಸರಿಸಿ, ಅವರಿಗೆ ದಾರಿ ಬಿಡಿ.